ಬೆಟ್ಟದ ಕೆರೆಯ ಟ್ರೌಟ್ ಮೀನು ಮತ್ತು ನಾಲ್ಕು ಕಾಲಗಳು



ನಮ್ಮ ಶಾಲೆಯ ಮಕ್ಕಳು ನೀಲಗಿರಿಗೆ ಪ್ರವಾಸ ಹೋದಾಗ ನಡೆದ ಒಂದು ಸಂಗತಿಯಿಂದ ಈ ಲೇಖನವನ್ನು ಆರಂಭಿಸುತ್ತೇನೆ. ಬಂಡೀಪುರ, ತೆಪ್ಪಕಾಡು, ಗೂಡಲೂರುಗಳನ್ನು ದಾಟಿ ಉದಕಮಂಡಲವನ್ನು ಸೇರಿದೆವು. ಮರುದಿನ ಅಲ್ಲಿಂದ ಸುಮಾರು 28 ಕಿ.ಮೀ. ದೂರದ ಅವಲಾಂಚಿಗೆ ಹೋಗಿ, ಕೆರೆಯನ್ನೂ ಟ್ರೌಟ್ ಎಂಬ ಮೀನಿನ ಮರಿಗಳನ್ನು ಸಾಕುವ ತೊಟ್ಟಿಗಳನ್ನೂ ನೋಡಿದೆವು. ಹಿಂದಿರುಗುವಾಗ ಎಂಟನೆಯ ತರಗತಿಯ ಹುಡುಗನೊಬ್ಬ ದಾರಿಯ ಪಕ್ಕದ ಹಳ್ಳದಿಂದ ಎರಡು ಪುಟ್ಟ ಮೀನುಗಳನ್ನು ನೀರಿನ ಬಾಟಲಿಯಲ್ಲಿ ತುಂಬಿಕೊಂಡು, ಯಾರಿಗೂ ಹೇಳದೆ ಬಸ್ಸಿನಲ್ಲಿ ಕುಳಿತಿದ್ದ. ಊರಿನ ಕೆರೆಗೆ ಬಿಟ್ಟು ಬೆಳೆಸಬೇಕೆಂಬುದು ಅವನ ಆಸೆ. ಗೂಡಲೂರು ದಾಟುವ ಹೊತ್ತಿಗೆ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಮುಚ್ಚತೊಡಗಿದವು. ಬಂಡೀಪುರದ ಬಳಿ ಅವು ಹೊಟ್ಟೆ ಮೇಲಾಗಿ ತೇಲಿದವು. ಹುಡುಗ ಅಳುತ್ತಾ ಬಂದು ಬಾಟಲಿಯನ್ನು ನನ್ನ ಕೈಗೆ ಕೊಟ್ಟು, “ಸಾರ್, ನೀರು ಹಾಗೇ ಇದೆ, ಒಂದು ತೊಟ್ಟೂ ಚೆಲ್ಲಿಲ್ಲ. ಆದರೂ ಏಕೆ ಸತ್ತವು?” ಎಂದು ಕೇಳಿದ.

ಅವು ಟ್ರೌಟ್ ಮರಿಗಳೋ ಬೇರೆ ಹಳ್ಳದ ಮೀನುಗಳೋ ನನಗೆ ತಿಳಿಯಲಿಲ್ಲ. ಆದರೆ ಪ್ರಶ್ನೆ ಮಾತ್ರ ಬಹಳ ಒಳ್ಳೆಯದು. ಅಂದು ಬಸ್ಸಿನಲ್ಲಿ ಅವನಿಗೆ ನಾಲ್ಕು ಮಾತಿನ ಉತ್ತರ ಕೊಟ್ಟೆ. ಉಳಿದದ್ದನ್ನು ಇಲ್ಲಿ ಎಲ್ಲರಿಗಾಗಿ ಬರೆದಿದ್ದೇನೆ.

ಟ್ರೌಟ್ ಎಲ್ಲಿಂದ ಬಂತು?

ಟ್ರೌಟ್ ನಮ್ಮ ನಾಡಿನ ಮೀನಲ್ಲ. ಕಂದು ಟ್ರೌಟಿನ ತವರು ಯೂರೋಪು. ಮೈಯ ಪಕ್ಕದಲ್ಲಿ ಕೆಂಪು ಛಾಯೆಯ ಪಟ್ಟೆಯಿರುವ ಕಾಮನಬಿಲ್ಲಿನ ಟ್ರೌಟಿನ ತವರು ಉತ್ತರ ಅಮೆರಿಕದ ಪಶ್ಚಿಮ ಭಾಗದ ನದಿಗಳು. ಆಂಗ್ಲರು ನೀಲಗಿರಿಯಲ್ಲಿ ನೆಲೆಸಿದಾಗ ಅಲ್ಲಿನ ಚಳಿ, ಹಸಿರು ಹುಲ್ಲುಗಾವಲು, ತಿಳಿನೀರಿನ ಹಳ್ಳಗಳನ್ನು ಕಂಡು ತಮ್ಮ ಊರನ್ನು ನೆನೆದರು. ತಮ್ಮ ಊರಿನ ಮೀನೂ ಇಲ್ಲಿರಬೇಕೆಂದು ಅವರಿಗೆ ಆಸೆಯಾಯಿತು.

ಆಸೆ ಪಟ್ಟಷ್ಟು ಸುಲಭವಾಗಿ ಕೆಲಸ ಆಗಲಿಲ್ಲ. ಭಾರತದ ಮೀನುಗಳ ಬಗೆಗೆ ದೊಡ್ಡ ಗ್ರಂಥ ಬರೆದ ಫ್ರಾನ್ಸಿಸ್ ಡೇ ಎಂಬ ವೈದ್ಯರು 1860ರ ದಶಕದಲ್ಲಿ ಇಂಗ್ಲೆಂಡಿನಿಂದ ಟ್ರೌಟ್ ಮೊಟ್ಟೆಗಳನ್ನು ತರಿಸಲು ಪ್ರಯತ್ನಿಸಿದರು. ಹಡಗಿನ ಪ್ರಯಾಣದ ಸೆಕೆಗೆ ಮೊಟ್ಟೆಗಳು ಉಳಿಯಲಿಲ್ಲ. ಅದೇ ಕಾಲದಲ್ಲಿ, 1864ರಲ್ಲಿ, ಇಂಗ್ಲೆಂಡಿನಿಂದ ಆಸ್ಟ್ರೇಲಿಯದ ಟಾಸ್ಮೇನಿಯಾ ದ್ವೀಪಕ್ಕೆ ಪಾಚಿಯಲ್ಲಿ ಸುತ್ತಿ ಮಂಜುಗಡ್ಡೆಯ ನಡುವೆ ಇಟ್ಟು ಕಳುಹಿಸಿದ ಮೊಟ್ಟೆಗಳು ಬದುಕಿ ಮರಿಯಾದವು. ಆ ಮೊಟ್ಟೆಗಳು ತಿಂಗಳುಗಟ್ಟಲೆ ಸಾಗರ ದಾಟಿ ಉಳಿದದ್ದು ತಂಪಿನ ಬಲದಿಂದ ಎಂಬುದನ್ನು ಗಮನಿಸಿರಿ. ನಮ್ಮ ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ.

ನೀಲಗಿರಿಯಲ್ಲಿ ಟ್ರೌಟ್ ನೆಲೆಯೂರಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಮದರಾಸು ಸರ್ಕಾರದ ಮತ್ಸ್ಯತಜ್ಞರಾಗಿದ್ದ ಎಚ್. ಸಿ. ವಿಲ್ಸನ್ ಅವರ ಶ್ರಮದಿಂದ 1907ರ ಸುಮಾರಿಗೆ ಅವಲಾಂಚಿಯಲ್ಲಿ ಮೊಟ್ಟೆಯಿಂದ ಮರಿ ಮಾಡಿಸುವ ಕೇಂದ್ರ ಆರಂಭವಾಯಿತು. ಸಿಲೋನ್ ಮೊದಲಾದ ಕಡೆಗಳಿಂದ ತಂದ ಕಾಮನಬಿಲ್ಲಿನ ಟ್ರೌಟ್ ಇಲ್ಲಿನ ನೀರಿಗೆ ಒಗ್ಗಿಕೊಂಡಿತು. ಆಗ ಇಂದಿನ ಅವಲಾಂಚಿ ಕೆರೆ ಇರಲಿಲ್ಲ. ಹಳ್ಳಗಳು ಮಾತ್ರ ಇದ್ದವು. ಕೆನಡಾ ದೇಶದ ನೆರವಿನಿಂದ ಕುಂದಾ ಜಲವಿದ್ಯುತ್ ಯೋಜನೆಯ ಅಣೆಕಟ್ಟುಗಳು ಎದ್ದ ಮೇಲೆ ಅವಲಾಂಚಿ, ಎಮರಾಲ್ಡ್, ಮೇಲ್ಭವಾನಿ ಮುಂತಾದ ಜಲಾಶಯಗಳು ತುಂಬಿದವು. ನಾವು ಇಂದು ‘ಕೆರೆ’ ಎನ್ನುವುದು ವಿದ್ಯುತ್ತಿಗಾಗಿ ಕಟ್ಟಿದ ಅಣೆಕಟ್ಟಿನ ನೀರು.

ನೀರಿನೊಳಗಿನ ಉಸಿರು

ಮೀನು ಕಿವಿರುಗಳಿಂದ ಉಸಿರಾಡುತ್ತದೆ. ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಹೀರುತ್ತದೆ ಎಂದು ವಿಜ್ಞಾನದ ಪಾಠದಲ್ಲಿ ಓದಿದ್ದೀರಿ. ಆದರೆ ನೀರಿನಲ್ಲಿ ಎಷ್ಟು ಆಮ್ಲಜನಕ ಕರಗಬಲ್ಲದು ಎಂಬುದು ಉಷ್ಣತೆಯನ್ನು ಅವಲಂಬಿಸಿದೆ. ಸಮುದ್ರ ಮಟ್ಟದಲ್ಲಿ 10 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ಸಿಹಿನೀರು ಸುಮಾರು 11 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡುತ್ತದೆ. 20 ಡಿಗ್ರಿಗೆ ಅದು ಸುಮಾರು 9 ಮಿಲಿಗ್ರಾಂಗೆ ಇಳಿಯುತ್ತದೆ. 30 ಡಿಗ್ರಿಗೆ ಸುಮಾರು ಏಳೂವರೆ ಮಾತ್ರ. ಸಕ್ಕರೆ ಬಿಸಿನೀರಿನಲ್ಲಿ ಹೆಚ್ಚು ಕರಗುತ್ತದೆ. ಗಾಳಿಗೆ ಇದು ತಿರುಗುಮುರುಗು.

ಮೀನಿನ ರಕ್ತ ನಮ್ಮ ಹಾಗೆ ಒಂದೇ ಬಿಸಿಯಲ್ಲಿರುವುದಿಲ್ಲ. ನೀರು ಬೆಚ್ಚಗಾದರೆ ಮೀನಿನ ಮೈಯೂ ಬೆಚ್ಚಗಾಗುತ್ತದೆ, ದೇಹದ ಕೆಲಸ ಚುರುಕಾಗುತ್ತದೆ, ಆಮ್ಲಜನಕದ ಬೇಡಿಕೆ ಏರುತ್ತದೆ. ಅಂದರೆ ಬೇಡಿಕೆ ಹೆಚ್ಚಾದ ಹೊತ್ತಿಗೇ ಪೂರೈಕೆ ಕಡಿಮೆಯಾಗುತ್ತದೆ. ಆದಾಯ ಕುಗ್ಗಿದ ತಿಂಗಳಲ್ಲಿಯೇ ಮನೆಗೆ ನೆಂಟರು ಬಂದಂತೆ.

ನಮ್ಮ ಕೆರೆಗಳ ಕಾಟ್ಲಾ, ರೋಹು, ಜಿಲೇಬಿ ಮೀನುಗಳು ಬೆಚ್ಚನೆಯ ನೀರಿಗೆ ಹೊಂದಿಕೊಂಡಿವೆ. ಟ್ರೌಟಿಗೆ ಹಾಗಲ್ಲ. 10ರಿಂದ 18 ಡಿಗ್ರಿಯ ಹರಿಯುವ ಶುದ್ಧ ನೀರು ಅದಕ್ಕೆ ಹಿತ. 20 ಡಿಗ್ರಿ ದಾಟಿದರೆ ಅದು ಬಳಲುತ್ತದೆ, ತಿನ್ನುವುದನ್ನು ಕಡಿಮೆ ಮಾಡುತ್ತದೆ. 25 ಡಿಗ್ರಿಯ ಹತ್ತಿರ ಅದರ ಪ್ರಾಣಕ್ಕೇ ಸಂಚಕಾರ. ಸಮುದ್ರ ಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದ ಅವಲಾಂಚಿಯಿಂದ ಸುಮಾರು 800 ಮೀಟರ್ ಎತ್ತರದ ಗುಂಡ್ಲುಪೇಟೆಗೆ ಇಳಿದರೆ ಗಾಳಿಯ ಉಷ್ಣತೆ ಏಳು ಡಿಗ್ರಿಯಷ್ಟು ಏರುವುದು ಸಾಮಾನ್ಯ. ಅದರ ಮೇಲೆ ಬಸ್ಸಿನ ಸೆಕೆ, ಮುಚ್ಚಳ ಬಿಗಿದ ಬಾಟಲಿ, ಒಂದೇ ಹಿಡಿ ನೀರಿನಲ್ಲಿ ಎರಡು ಜೀವ! ನೀರು ಚೆಲ್ಲಲಿಲ್ಲ ನಿಜ. ಆದರೆ ಅದರೊಳಗಿನ ಉಸಿರು ಮುಗಿದುಹೋಗಿತ್ತು.

ಕೃತಕ ನೊಣದ ಗಾಳ

ಗಾಳಕ್ಕೆ ಎರೆಹುಳು ಸಿಕ್ಕಿಸಿ ಮೀನು ಹಿಡಿಯುವುದು ನಮಗೆಲ್ಲ ಗೊತ್ತು. ಟ್ರೌಟ್ ಹಿಡಿಯುವವರು ಬೇರೊಂದು ಕ್ರಮವನ್ನು ಅನುಸರಿಸುತ್ತಾರೆ. ಕೋಳಿ, ನವಿಲು ಮುಂತಾದವುಗಳ ಗರಿ, ರೇಷ್ಮೆ ದಾರ, ಕೂದಲುಗಳನ್ನು ಚಿಕ್ಕ ಗಾಳದ ಮೇಲೆ ಸುತ್ತಿ ನೊಣದ ಆಕಾರ ಮಾಡುತ್ತಾರೆ. ಈ ಕೃತಕ ನೊಣಕ್ಕೆ ಭಾರವೇ ಇಲ್ಲ. ಅದನ್ನು ಕಲ್ಲಿನಂತೆ ಎಸೆಯಲಾಗದು. ಆದ್ದರಿಂದ ದಾರವನ್ನೇ ದಪ್ಪವಾಗಿ, ತೂಕವಾಗಿ ಮಾಡಿರುತ್ತಾರೆ. ಬಳುಕುವ ಉದ್ದನೆಯ ಕೋಲಿನಿಂದ ದಾರವನ್ನು ಹಿಂದಕ್ಕೂ ಮುಂದಕ್ಕೂ ಚಾಟಿಯಂತೆ ಬೀಸಿದಾಗ, ತುದಿಯ ನೊಣ ನೀರಿನ ಮೇಲೆ ಸದ್ದಿಲ್ಲದೆ ಇಳಿಯುತ್ತದೆ.

ಇಷ್ಟೆಲ್ಲ ಏಕೆ? ಟ್ರೌಟಿನ ಆಹಾರದಲ್ಲಿ ಕೀಟಗಳ ಪಾಲು ದೊಡ್ಡದು. ಏರೋಪ್ಲೇನ್ ಚಿಟ್ಟೆಯಂಥ ಅನೇಕ ಕೀಟಗಳು ಬಾಲ್ಯವನ್ನು ನೀರಿನಡಿಯ ಕಲ್ಲುಗಳ ಸಂದಿಯಲ್ಲಿ ಕಳೆದು, ರೆಕ್ಕೆ ಬಂದ ದಿನ ಮೇಲಕ್ಕೆ ಏರುತ್ತವೆ. ಆ ಹೊತ್ತಿಗೆ ಟ್ರೌಟ್ ಕಾದಿದ್ದು ಹಿಡಿಯುತ್ತದೆ. ಅದರ ಕಣ್ಣು ಬಹಳ ಸೂಕ್ಷ್ಮ. ಆದ್ದರಿಂದ ಯಾವ ತಿಂಗಳು, ಯಾವ ಹೊತ್ತಿನಲ್ಲಿ, ಯಾವ ಕೀಟ ಏಳುತ್ತದೆ ಎಂದು ತಿಳಿಯದವನ ಗಾಳಕ್ಕೆ ಮೀನು ಬೀಳುವುದಿಲ್ಲ. ಈ ಬಗೆಯ ಗಾಳಗಾರ ಮೊದಲು ಕೆರೆಯ ವಿದ್ಯಾರ್ಥಿಯಾಗಬೇಕು.

ಕೆರೆಯ ನಾಲ್ಕು ಕಾಲಗಳು

ಮೊದಲನೆಯದು ಚಳಿಗಾಲ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ನೀಲಗಿರಿಯ ತಗ್ಗುಗಳಲ್ಲಿ ರಾತ್ರಿ ಹಿಮ ಬಿದ್ದು ಹುಲ್ಲು ಬೆಳ್ಳಗಾಗುತ್ತದೆ. ಕೆರೆಯ ನೀರು ತಿಳಿಯಾಗಿ, ಮೇಲಿನಿಂದ ತಳದವರೆಗೆ ಬಹುಮಟ್ಟಿಗೆ ಒಂದೇ ತಂಪಿನಲ್ಲಿರುತ್ತದೆ. ಮುಂಜಾನೆ ಮೀನು ಮಂದವಾಗಿರುತ್ತದೆ; ಬಿಸಿಲೇರಿದ ಮೇಲೆ ದಡದ ಬಳಿ ಕೀಟಗಳು ಏಳುವಾಗ ಚುರುಕಾಗುತ್ತದೆ. ಆದರೆ ಇದು ಟ್ರೌಟ್ ಸಂತಾನ ಬೆಳೆಸುವ ಕಾಲವೂ ಹೌದು. ಹೆಣ್ಣು ಮೀನು ಹಳ್ಳದ ಜಲ್ಲಿಯಲ್ಲಿ ಬಾಲದಿಂದ ಗುಂಡಿ ತೋಡಿ ಮೊಟ್ಟೆ ಇಡುತ್ತದೆ. ಸಾಕಣೆ ಕೇಂದ್ರದಲ್ಲಾದರೆ ಹೆಣ್ಣಿನ ಹೊಟ್ಟೆಯನ್ನು ಮೆಲ್ಲನೆ ಒತ್ತಿ ಮೊಟ್ಟೆಗಳನ್ನು ಬೋಗುಣಿಗೆ ಇಳಿಸಿ, ಗಂಡಿನ ವೀರ್ಯವನ್ನು ಬೆರೆಸಿ, ತಣ್ಣನೆಯ ನೀರು ಹರಿಯುವ ತಟ್ಟೆಗಳಲ್ಲಿ ಇಡುತ್ತಾರೆ. 10 ಡಿಗ್ರಿ ನೀರಿನಲ್ಲಿ ಮರಿ ಹೊರಬರಲು ಸುಮಾರು ಒಂದು ತಿಂಗಳು ಬೇಕು. ಮೊಟ್ಟೆ ಇಡುವ ಮೀನನ್ನು ಹಿಡಿಯುವುದು ಬಿತ್ತನೆಯ ಬೀಜವನ್ನು ಹುರಿದು ತಿಂದಂತೆ. ಇದನ್ನು ಅರಿತ ಹಿರಿಯರು 1879ರಷ್ಟು ಹಿಂದೆಯೇ ನೀಲಗಿರಿಯ ಬೇಟೆ ಪ್ರಾಣಿ ಮತ್ತು ಮೀನುಗಳ ರಕ್ಷಣೆಗೆ ಕಾನೂನು ಮಾಡಿಸಿದ್ದರು.

ಎರಡನೆಯದು ಬೇಸಿಗೆ. ಮಾರ್ಚಿಯಿಂದ ಮೇ ತಿಂಗಳವರೆಗೆ ಬಿಸಿಲು ಏರುತ್ತದೆ. ಕೆರೆಯ ಮೇಲ್ಪದರ ಬೆಚ್ಚಗಾಗುತ್ತದೆ. ಬೆಚ್ಚನೆಯ ನೀರು ಹಗುರ, ತಣ್ಣನೆಯದು ಭಾರ. ಆದ್ದರಿಂದ ಆಳದಲ್ಲಿ ತಣ್ಣನೆಯ ಪದರ ಹಾಗೆಯೇ ಉಳಿಯುತ್ತದೆ. ನಡುಹಗಲು ಟ್ರೌಟ್ ಆ ಆಳಕ್ಕೆ ಇಳಿಯುತ್ತದೆ ಅಥವಾ ಹಳ್ಳ ಬಂದು ಸೇರುವ ಬಾಯಲ್ಲಿ ನಿಲ್ಲುತ್ತದೆ. ಸೂರ್ಯ ಏರುವ ಮೊದಲು ಮತ್ತು ಮುಳುಗುವ ಹೊತ್ತಿನಲ್ಲಿ ಮೇಲೆ ಬಂದು ಕೀಟ ಹಿಡಿಯುತ್ತದೆ. ಗಾಳಿ ಬೀಸಿದರೆ ನೀರಿನ ಮೇಲೆ ಬಿದ್ದ ಹುಳುಗಳೆಲ್ಲ ಗಾಳಿ ಹೋಗುವ ದಿಕ್ಕಿನ ದಡಕ್ಕೆ ಸೇರುತ್ತವೆ. ಮೀನೂ ಅಲ್ಲಿಗೆ ಬರುತ್ತದೆ. ವಿದ್ಯುತ್ತಿಗೆ ನೀರು ಬಿಡುವುದರಿಂದ ಈ ಕಾಲದಲ್ಲಿ ಕೆರೆ ತಗ್ಗಿ, ದಡದ ಕೆಂಪು ಮಣ್ಣು ಬರಿದಾಗಿ ಕಾಣುತ್ತದೆ. ಏಪ್ರಿಲ್-ಮೇ ತಿಂಗಳ ಒಂದು ಒಳ್ಳೆಯ ಮಳೆ ಬಂದರೆ ಕೆರೆಗೆ ಜೀವ ಬಂದಂತೆ.

ಮೂರನೆಯದು ಮುಂಗಾರು. ಜೂನಿನಿಂದ ಸೆಪ್ಟೆಂಬರಿನವರೆಗೆ ಪಶ್ಚಿಮದ ಮೋಡಗಳು ಮೊದಲು ಬಂದು ಬಡಿಯುವುದೇ ಅವಲಾಂಚಿ, ಮೇಲ್ಭವಾನಿಗಳ ಏಣುಗಳಿಗೆ. 2019ರ ಆಗಸ್ಟ್ ತಿಂಗಳಲ್ಲಿ ಅವಲಾಂಚಿಯಲ್ಲಿ 24 ಗಂಟೆಗಳಲ್ಲಿ 900 ಮಿಲಿಮೀಟರಿಗೂ ಮೀರಿ ಮಳೆ ಬಿದ್ದದ್ದು ದಾಖಲಾಯಿತು. ನಮ್ಮ ಬಯಲುಸೀಮೆಯ ಊರುಗಳಿಗೆ ಅದು ಇಡೀ ವರ್ಷದ ಮಳೆಗಿಂತ ಹೆಚ್ಚು! ಹಳ್ಳಗಳು ಕೆಂಪಾಗಿ ಉಕ್ಕುತ್ತವೆ. ಕೆಸರು ನೀರಿನಲ್ಲಿ ಮೀನಿಗೆ ಕೃತಕ ನೊಣ ಕಾಣುವುದಿಲ್ಲ. ಕೊಚ್ಚಿ ಬಂದ ಎರೆಹುಳುಗಳೇ ಅದಕ್ಕೆ ಬೇಕಾದಷ್ಟು. ಮಂಜು ಕವಿದಾಗ ದಾರಿ ಕಾಣುವುದಿಲ್ಲ, ಗುಡ್ಡ ಕುಸಿಯುವ ಭಯವೂ ಉಂಟು. ಈ ಕಾಲದಲ್ಲಿ ದಡಕ್ಕೆ ಹೋಗದಿರುವುದೇ ಜಾಣತನ.

ನಾಲ್ಕನೆಯದು ಹಿಂಗಾರು. ಅಕ್ಟೋಬರ್-ನವೆಂಬರ್ ತಿಂಗಳಲ್ಲಿ ಈಶಾನ್ಯದ ಮಳೆ ಕೂನೂರು, ಕೋತಗಿರಿಗಳ ಕಡೆ ಹೆಚ್ಚು. ಪಶ್ಚಿಮದ ಕೆರೆಗಳಲ್ಲಿ ಮಳೆಯ ನಡುನಡುವೆ ಬಿಡುವು ಸಿಗುತ್ತದೆ. ಕೆರೆ ತುಂಬಿರುತ್ತದೆ, ಕೆಸರು ಕೆಳಗೆ ಕುಳಿತು ನೀರು ತಿಳಿಯಾಗುತ್ತದೆ, ಉಷ್ಣತೆ ಹಿತವಾಗಿರುತ್ತದೆ. ಮಳೆಗಾಲದಲ್ಲಿ ತಿಂದು ಕೊಬ್ಬಿದ ಮೀನು ಈಗ ಬಲಿಷ್ಠವಾಗಿರುತ್ತದೆ. ಸಂತಾನಕಾಲ ಸಮೀಪಿಸಿದಂತೆ ಮೈಯ ಬಣ್ಣ ಗಾಢವಾಗುತ್ತದೆ. ಕೆರೆಯನ್ನು ಕಣ್ತುಂಬ ನೋಡುವುದಕ್ಕೂ ಇದೇ ಸಮಯ.

ಇಲ್ಲೊಂದು ಎಚ್ಚರಿಕೆ. ಅನುಮತಿಯಿಲ್ಲದೆ ಈ ಕೆರೆಗಳಲ್ಲಿ ಗಾಳ ಹಾಕುವಂತಿಲ್ಲ. ಮುಕುರ್ತಿಯಂಥ ರಾಷ್ಟ್ರೀಯ ಉದ್ಯಾನದೊಳಗೆ ಮೀನು ಹಿಡಿಯುವುದು ಅಪರಾಧ. ಅಣೆಕಟ್ಟಿನ ದಡಗಳು ಥಟ್ಟನೆ ಆಳವಾಗುತ್ತವೆ. ಅಷ್ಟು ತಣ್ಣನೆಯ ನೀರಿಗೆ ಬಿದ್ದರೆ ಚೆನ್ನಾಗಿ ಈಜು ಬಲ್ಲವನಿಗೂ ಕೈಕಾಲು ಮರಗಟ್ಟುತ್ತವೆ. ಪ್ರವಾಸಕ್ಕೆ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳು ಇದನ್ನು ಮನೆಯಲ್ಲಿಯೇ ತಿಳಿಹೇಳಬೇಕೆಂದು ಕೋರುತ್ತೇನೆ.

ಬಾಸ್ ಎಂಬ ಇನ್ನೊಂದು ಮೀನು

ಅಮೆರಿಕದ ಅನೇಕ ಸರೋವರಗಳಲ್ಲಿ ಟ್ರೌಟಿನ ಜೊತೆಗೆ ಬಾಸ್ ಎಂಬ ದೊಡ್ಡಬಾಯಿಯ ಮೀನು ಇರುತ್ತದೆ. ಅದರ ಸ್ವಭಾವ ಟ್ರೌಟಿಗೆ ವಿರುದ್ಧ. 20 ಡಿಗ್ರಿಗೂ ಮೇಲಿನ ಬೆಚ್ಚನೆಯ ನೀರು ಅದಕ್ಕೆ ಇಷ್ಟ. ಟ್ರೌಟ್ ಆಳಕ್ಕೆ ಇಳಿಯುವ ಬೇಸಿಗೆಯಲ್ಲಿ ಬಾಸ್ ದಡದ ಗಿಡಗಂಟಿಗಳ ನಡುವೆ ಬೇಟೆಯಾಡುತ್ತದೆ. ವಸಂತದಲ್ಲಿ ಗಂಡು ಬಾಸ್ ಗೂಡು ಮಾಡಿ, ಮೊಟ್ಟೆಗಳನ್ನೂ ಮರಿಗಳನ್ನೂ ಕಾಯುತ್ತದೆ. ಒಂದೇ ಕೆರೆಯನ್ನು ಎರಡು ಮೀನುಗಳು ಉಷ್ಣತೆಗೆ ತಕ್ಕಂತೆ ಹಂಚಿಕೊಂಡಂತೆ. ನೀಲಗಿರಿಯ ಕೆರೆಗಳಲ್ಲಿ ಆ ಬೆಚ್ಚನೆಯ ಪಾಲು 1939ರಲ್ಲಿ ಹೊರಗಿನಿಂದ ತಂದು ಬಿಟ್ಟ ಸಾಮಾನ್ಯ ಗೆಂಡೆಗೆ ಸೇರಿದೆ.

ಹಾಗಾದರೆ ಬಾಸನ್ನೂ ಇಲ್ಲಿಗೆ ತರಬಾರದೇಕೆ ಎಂದು ನೀವು ಕೇಳಬಹುದು. ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದಲ್ಲಿ ಅಟಿಟ್ಲಾನ್ ಎಂಬ ಸುಂದರ ಸರೋವರವಿದೆ. ಪ್ರವಾಸಿಗರನ್ನು ಸೆಳೆಯಲೆಂದು 1960ರ ಆಸುಪಾಸಿನಲ್ಲಿ ಅಲ್ಲಿಗೆ ಬಾಸ್ ಬಿಟ್ಟರು. ಅದು ಅಲ್ಲಿನ ಚಿಕ್ಕ ಮೀನು, ಏಡಿಗಳನ್ನು ತಿಂದು ಹಾಕಿತು. ಅದೇ ಸರೋವರವನ್ನು ಬಿಟ್ಟು ಲೋಕದಲ್ಲಿ ಬೇರೆಲ್ಲೂ ಇಲ್ಲದ ಒಂದು ದೊಡ್ಡ ಮುಳುಗುಹಕ್ಕಿ ಅಲ್ಲಿತ್ತು. ಆಹಾರದ ಕೊರತೆ ಮತ್ತು ಬೇರೆ ತೊಂದರೆಗಳೂ ಕೂಡಿ, 1990ರ ಹೊತ್ತಿಗೆ ಆ ಹಕ್ಕಿಯ ವಂಶವೇ ಅಳಿದುಹೋಯಿತು. ಮೀನು ಬಿಟ್ಟವರಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ. ನಮ್ಮ ಹುಡುಗನಿಗೂ ಇರಲಿಲ್ಲ.

ಇದೇ ಮಾತು ಟ್ರೌಟಿಗೂ ಸಲ್ಲುತ್ತದೆ. ಲೋಕದ ಅತ್ಯಂತ ಹಾನಿಕರ ವಲಸೆ ಜೀವಿಗಳೆಂದು ತಜ್ಞರು ಮಾಡಿದ ನೂರು ಹೆಸರುಗಳ ಪಟ್ಟಿಯಲ್ಲಿ ಬಾಸ್ ಇದೆ, ಕಂದು ಟ್ರೌಟ್ ಇದೆ, ಕಾಮನಬಿಲ್ಲಿನ ಟ್ರೌಟೂ ಇದೆ. ಕೀಟಗಳನ್ನೂ ಗೊದಮೊಟ್ಟೆಗಳನ್ನೂ ತಿನ್ನುವ ಮೀನು ನೀಲಗಿರಿಯ ಹಳ್ಳಗಳಿಗೆ ಬಂದು ನೂರು ವರ್ಷ ದಾಟಿತು. ಅದನ್ನು ಈಗ ತೆಗೆದುಹಾಕುವುದು ಸುಲಭವಲ್ಲ. ಆದರೆ ಇಲ್ಲದ ಹಳ್ಳಗಳಿಗೆ ಹೊಸದಾಗಿ ಬಿಡಬಾರದೆಂಬ ವಿವೇಕ ನಮಗಿರಬೇಕು.

ನಮ್ಮದೇ ಮೀನನ್ನು ಮರೆಯಬಾರದು

ಪೈಕಾರ ನದಿ ಬೆಟ್ಟವಿಳಿದು ಮೋಯಾರ್ ಆಗುತ್ತದೆ. ಮಸಿನಗುಡಿಯ ಬಳಿಯ ಕಣಿವೆಯಲ್ಲಿ ಹರಿದು, ಕರ್ನಾಟಕ ತಮಿಳುನಾಡುಗಳ ಗಡಿಯಾಗಿ ಸಾಗಿ ಭವಾನಿಯನ್ನು ಸೇರುತ್ತದೆ. ಭವಾನಿ ಕಾವೇರಿಯನ್ನು ಕೂಡುತ್ತದೆ. ಈ ಮೋಯಾರಿನಲ್ಲಿ ಗೂನುಬೆನ್ನಿನ ಮಹಶೀರ್ ಎಂಬ ಮೀನು ಇನ್ನೂ ಉಳಿದಿದೆ. ಕಾವೇರಿಯ ಬಳಗದ ನದಿಗಳನ್ನು ಬಿಟ್ಟು ಬೇರೆಲ್ಲೂ ಅದು ಇಲ್ಲ. 50 ಕಿಲೋಗ್ರಾಂ ಮೀರಿ ಬೆಳೆಯುತ್ತಿದ್ದ ಈ ಮೀನು ಇಂದು ಅಳಿವಿನ ಅಂಚಿನಲ್ಲಿದೆ. 2018ರಲ್ಲಿ ವಿಜ್ಞಾನಿಗಳು ಅದರ ಸರಿಯಾದ ಶಾಸ್ತ್ರೀಯ ಹೆಸರನ್ನು ಗುರುತಿಸಿದರು. ಹೊರಗಿನ ಟ್ರೌಟಿಗೆ ನೂರು ವರ್ಷದ ಹಿಂದೆಯೇ ಸಾಕಣೆ ಕೇಂದ್ರ ಬಂತು; ಮನೆಯ ಮಹಶೀರನ್ನು ಗುರುತಿಸಲು ಇಷ್ಟು ಕಾಲ ಬೇಕಾಯಿತು!

ಟ್ರೌಟ್ ಇರುವ ತಣ್ಣನೆಯ ಹಳ್ಳವೂ ಮಹಶೀರ್ ಇರುವ ಕೆಳಗಿನ ನದಿಯೂ ಒಂದೇ ಬೆಟ್ಟದ ಮಕ್ಕಳು. ಶೋಲಾ ಕಾಡು ಮತ್ತು ಹುಲ್ಲುಗಾವಲು ಮಳೆಯನ್ನು ಸ್ಪಂಜಿನಂತೆ ಹೀರಿ, ಬೇಸಿಗೆಯಲ್ಲಿ ಹನಿಹನಿಯಾಗಿ ತಂಪಾದ ನೀರನ್ನು ಬಿಡುತ್ತವೆ. ಹುಲ್ಲು ಹೋಗಿ ಸೀಗೆಜಾತಿಯ ಹೊರನಾಡಿನ ಮರಗಳು ಹಬ್ಬಿದಲ್ಲಿ, ಇಳಿಜಾರಿನ ಹೊಲದ ಮಣ್ಣು ಕೊಚ್ಚಿ ಬಂದಲ್ಲಿ, ಔಷಧಿ ಹೊಡೆದ ನೀರು ಹಳ್ಳಕ್ಕೆ ಇಳಿದಲ್ಲಿ ಈ ಏರ್ಪಾಡು ಕೆಡುತ್ತದೆ. ಜಲ್ಲಿಯ ಸಂದಿಗೆ ಮಣ್ಣು ತುಂಬಿದರೆ ಮೊಟ್ಟೆಗೆ ಉಸಿರಿಲ್ಲ. ನೀರು ಎರಡು ಮೂರು ಡಿಗ್ರಿ ಬೆಚ್ಚಗಾದರೆ ಟ್ರೌಟಿಗೆ ಇನ್ನೂ ಮೇಲಕ್ಕೆ ಓಡಲು ಬೆಟ್ಟವೇ ಇಲ್ಲ. ಟ್ರೌಟ್ ಉಳಿಯಿತೋ ಇಲ್ಲವೋ ಎಂಬುದು ಗಾಳಗಾರರ ಚಿಂತೆ ಮಾತ್ರವಲ್ಲ. ಅದು ಬಾಳಲಾಗದ ಹಳ್ಳದ ನೀರು ಕೆಳಗಿನ ನಮ್ಮ ಕೊಡಗಳಿಗೆ ಹೇಗೆ ಬಂದೀತು?

ನೀವು ಮಾಡಬಹುದಾದ ಒಂದು ಪ್ರಯೋಗ

ಶಾಲೆಯ ಉಷ್ಣಮಾಪಕವನ್ನು ಗುರುಗಳ ಅನುಮತಿ ಪಡೆದು ತೆಗೆದುಕೊಳ್ಳಿರಿ. ಹಿರಿಯರೊಬ್ಬರ ಜೊತೆಯಲ್ಲಿ ಊರಿನ ಕೆರೆಯ ಸೋಪಾನಕ್ಕೆ ಹೋಗಿ ಬೆಳಿಗ್ಗೆ 8 ಗಂಟೆಗೆ ಮತ್ತು ಮಧ್ಯಾಹ್ನ 2 ಗಂಟೆಗೆ ಮೇಲಿನ ನೀರಿನ ಉಷ್ಣತೆಯನ್ನು ಅಳೆಯಿರಿ. ಬಳಿಕ ಕಲ್ಲು ಕಟ್ಟಿದ ಬಾಟಲಿಗೆ ಬಿರಡೆ ಹಾಕಿ, ಬಿರಡೆಗೆ ಬೇರೊಂದು ದಾರ ಕಟ್ಟಿ, ಒಂದು ಮೀಟರ್ ಆಳಕ್ಕೆ ಇಳಿಸಿ, ಬಿರಡೆಯನ್ನು ಎಳೆದು ತುಂಬಿಸಿ, ಬೇಗನೆ ಮೇಲೆತ್ತಿ ಆ ನೀರನ್ನೂ ಅಳೆಯಿರಿ. ತಿಂಗಳಿಗೆ ಎರಡು ಬಾರಿಯಂತೆ ಒಂದು ವರ್ಷ ಬರೆದಿಟ್ಟರೆ ನಿಮ್ಮ ಕೆರೆಯ ನಾಲ್ಕು ಕಾಲಗಳು ನಿಮ್ಮ ಪುಸ್ತಕದಲ್ಲಿಯೇ ಮೂಡುತ್ತವೆ. ಯಾವ ಮೀನು ಯಾವಾಗ ಮೇಲೆ ಬರುತ್ತದೆಂದು ಊರಿನ ಬೆಸ್ತರನ್ನು ಕೇಳಿ ಪಕ್ಕದಲ್ಲಿ ಬರೆಯಿರಿ. ಅವರು ಉಷ್ಣಮಾಪಕವಿಲ್ಲದೆ ಕಲಿತ ವಿಜ್ಞಾನಿಗಳು.

ಬಾಟಲಿಯ ಹುಡುಗ ಈಗ ಒಂಬತ್ತನೆಯ ತರಗತಿಯಲ್ಲಿದ್ದಾನೆ. ಕಳೆದ ಜೂನಿನಿಂದ ಅವನು ಕೆರೆಯ ಉಷ್ಣತೆಯನ್ನು ಬರೆಯುತ್ತಿದ್ದಾನೆ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಮೇಲಿನ ನೀರು 31 ಡಿಗ್ರಿ ತೋರಿಸಿತಂತೆ. ಪುಸ್ತಕವನ್ನು ನನಗೆ ತೋರಿಸಿ ಅವನು ಹೇಳಿದ ಮಾತು ಇಷ್ಟೇ: “ಸಾರ್, ಅವು ದಾರಿಯಲ್ಲಿ ಸಾಯದೆ ಇದ್ದಿದ್ದರೂ ನಮ್ಮ ಕೆರೆಯಲ್ಲಿ ಬದುಕುತ್ತಿರಲಿಲ್ಲ. ಅಲ್ಲೇ ಬಿಟ್ಟು ಬರಬೇಕಾಗಿತ್ತು.”